ಈಚಲ ಗಡಿಗೆ, ಬಿಯರಿನ ಲೋಟ

ಒಂದು ಊರಿನ ತಿಂಡಿಯನ್ನು ಕುರಿತು ಮಾತನಾಡಲು ನಮ್ಮಲ್ಲಿ ಯಾರಿಗೂ ಸಂಕೋಚವಿಲ್ಲ. ದಾವಣಗೆರೆಯ ಬೆಣ್ಣೆದೋಸೆ, ಮದ್ದೂರಿನ ವಡೆ, ಧಾರವಾಡದ ಪೇಡ ಇವುಗಳ ಗುಣದೋಷಗಳನ್ನು ರೈಲಿನಲ್ಲಿ ಜೊತೆಯಾದ ಅಪರಿಚಿತರೊಡನೆಯೂ ನಾವು ಗಂಟೆಗಟ್ಟಲೆ ಚರ್ಚಿಸುತ್ತೇವೆ. ಆದರೆ ಆ ಊರಿನವರು ಕುಡಿಯುವುದೇನು ಎಂಬ ಮಾತು ಬಂದೊಡನೆ ನಮ್ಮ ದನಿ ತಗ್ಗುತ್ತದೆ. ಕುಡಿತವೆಂಬುದು ನಮಗೆ ನಿಂದೆಯ ವಿಷಯ, ಇಲ್ಲವೆ ನಗೆಯ ವಿಷಯ. ರುಚಿಯ ವಿಷಯವಾಗಿ ಅದನ್ನು ನೋಡಬಹುದೆಂಬ ಎಣಿಕೆಯೇ ನಮಗೆ ಹೊಸದು. ರಾಜರತ್ನಂ ಅವರು ತಮ್ಮ ಹೆಂಡಕುಡುಕ ರತ್ನನ ಬಾಯಿಂದ ಎಂಥ ಎತ್ತರದ ಮಾತುಗಳನ್ನು ಆಡಿಸಿದ್ದಾರೆಂಬುದು ಎಲ್ಲರಿಗೂ ತಿಳಿದಿದೆ; ಆದರೂ ರತ್ನ ಕುಡಿಯುತ್ತಿದ್ದ ಹೆಂಡ ಹೇಗಿತ್ತು, ಅದನ್ನು ಯಾರು ಇಳಿಸಿದರು, ಯಾವ ಮರದಿಂದ ಇಳಿಸಿದರು ಎಂದು ನಾವು ಯಾರೂ ಕೇಳಿದವರಲ್ಲ.

ಈಚೆಗೆ ಈ ಸಂಕೋಚ ಒಂದು ಕಡೆಯಲ್ಲಿ ಮಾತ್ರ ಸಡಿಲಗೊಂಡಿದೆ. ಬೆಂಗಳೂರಿನಲ್ಲಿ ಬಿಯರನ್ನು ಅಲ್ಲಿಯೇ ಕಾಯಿಸಿ ಅಲ್ಲಿಯೇ ಬಡಿಸುವ ಮನೆಗಳು ತಲೆಯೆತ್ತಿವೆ. ಮೈಕ್ರೋಬ್ರೂವರಿ ಎಂದು ಅವುಗಳಿಗೆ ಹೆಸರು. ಹೋಗಿ ಬಂದವರು ಅವುಗಳ ಗುಣಾವಗುಣಗಳನ್ನು ಬರೆಯುತ್ತಾರೆ, ಓದಿದವರು ಆ ಬರಹವನ್ನು ನಂಬಿ ಅಲ್ಲಿಗೆ ಹೋಗುತ್ತಾರೆ. ನಾನು ಹಿರಿಯೂರು ಸೀಮೆಯವನು, ಮಾರಿಕಣಿವೆಯ ನೀರು ಕುಡಿದು ಬೆಳೆದವನು. ಮಗನ ಮನೆಯ ನೆವದಿಂದ ಬೆಂಗಳೂರಿಗೆ ಹೋಗಿ ಬರುವಾಗಲೆಲ್ಲ ಕೆಲವು ವರ್ಷಗಳಿಂದ ಇಂಥ ಮನೆಗಳನ್ನು ನೋಡಿದ್ದೇನೆ, ರುಚಿ ನೋಡಿದ್ದೇನೆ. ಅಲ್ಲಿ ಕಂಡದ್ದನ್ನೂ, ಅದನ್ನು ಕಂಡಾಗ ನಮ್ಮ ಸೀಮೆಯ ಬಗ್ಗೆ ಹೊಳೆದದ್ದನ್ನೂ ಇಲ್ಲಿ ಹೇಳಬೇಕೆಂದಿದ್ದೇನೆ. ಕುಡಿತದ ಪ್ರಚಾರಕ್ಕೆ ಹೊರಟವನು ನಾನಲ್ಲ. ಕುಡಿಯದಿರುವುದೇ ಲೇಸು ಎನ್ನುವವರ ಮಾತನ್ನು ಅಲ್ಲಗಳೆಯುವವನೂ ಅಲ್ಲ.

ಬಿಯರಿನ ವಿಮರ್ಶೆ ಎಂಬುದು ಹುಟ್ಟಿದ್ದು ಹೇಗೆಂದು ಮೊದಲು ನೋಡೋಣ. ಇಂಗ್ಲೆಂಡಿನಲ್ಲಿ ದೊಡ್ಡ ಕಾರ್ಖಾನೆಗಳು ಸಣ್ಣ ಬ್ರೂವರಿಗಳನ್ನು ಒಂದೊಂದಾಗಿ ನುಂಗಿ, ಊರೂರಿಗೂ ಒಂದೇ ಬಗೆಯ, ಸೋಸಿ ಕಾಯಿಸಿ ಜೀವ ತೆಗೆದ ಬಿಯರನ್ನು ಕಳಿಸತೊಡಗಿದಾಗ, 1971ರಲ್ಲಿ ನಾಲ್ವರು ಗೆಳೆಯರು ಸೇರಿ ಹಳೆಯ ಪದ್ಧತಿಯ ಏಲ್‌ಗಾಗಿ ಒಂದು ಚಳವಳಿಯನ್ನೇ ಹೂಡಿದರು. ಪಿಂಗಾಣಿ ಹಿಡಿಯ ಪಂಪಿನಿಂದ ಪೀಪಾಯಿಯ ಏಲನ್ನು ಎಳೆದು ಕೊಡುವ ಅಂಗಡಿಗಳು ಎಲ್ಲೆಲ್ಲಿ ಉಳಿದಿವೆ ಎಂದು ಹುಡುಕಿ ಪಟ್ಟಿಮಾಡುವುದೇ ಅವರ ಕೆಲಸದ ಮುಖ್ಯ ಭಾಗವಾಯಿತು. 1977ರಲ್ಲಿ ಮೈಕೇಲ್ ಜಾಕ್ಸನ್ ಎಂಬ ಪತ್ರಕರ್ತ (ಗಾಯಕನಲ್ಲ, ಅದೇ ಹೆಸರಿನ ಇಂಗ್ಲಿಷಿನವನು) ಜಗತ್ತಿನ ಬಿಯರುಗಳನ್ನು ಕುರಿತು ಒಂದು ದೊಡ್ಡ ಗ್ರಂಥ ಬರೆದ. ಬಿಯರಿಗೂ ದ್ರಾಕ್ಷಾರಸಕ್ಕಿರುವಂತೆ ನಾಡು, ಕುಲ, ಪರಂಪರೆಗಳಿವೆ ಎಂದು ಅವನು ತೋರಿಸಿದ. ಮರುವರ್ಷ, 1978ರಲ್ಲಿ, ಅಮೆರಿಕದಲ್ಲಿ ಮನೆಯಲ್ಲಿ ಬಿಯರು ತಯಾರಿಸಿಕೊಳ್ಳಲು ಅನುಮತಿ ನೀಡುವ ಕಾನೂನಿಗೆ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದರು. ಅಡಿಗೆಮನೆಯಲ್ಲಿ ಕೈಪಳಗಿಸಿಕೊಂಡವರು ಮುಂದೆ ಸಣ್ಣ ಸಣ್ಣ ಬ್ರೂವರಿಗಳನ್ನು ತೆರೆದರು. ಈ ಎಲ್ಲದರ ಹಿಂದೆ ಇದ್ದದ್ದು ಒಂದೇ ಹಂಬಲ: ಕುಡಿಯುವವನಿಗೂ ಕಾಯಿಸುವವನಿಗೂ ನಡುವೆ ಬೆಳೆದಿದ್ದ ದೂರವನ್ನು ಕಡಿಮೆಮಾಡುವುದು.

ಬೆಂಗಳೂರಿಗೆ ಬಿಯರು ಹೊಸದಲ್ಲ. ದಂಡಿನ ಸೋಲ್ಜರುಗಳ ಬಾಯಾರಿಕೆಗಾಗಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅಲ್ಲಿ ಬ್ರೂವರಿಗಳಿದ್ದವು. 1915ರಲ್ಲಿ ಥಾಮಸ್ ಲೀಶ್ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಕೆಲವು ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಂಪನಿಯನ್ನು ಕಟ್ಟಿದ. ಸ್ವಾತಂತ್ರ್ಯದ ಹೊತ್ತಿಗೆ ಅದು ವಿಠಲ ಮಲ್ಯರ ಕೈಗೆ ಬಂತು. ಅಲ್ಲಿಂದ ಮುಂದೆ ಬಿಯರೆಂದರೆ ಸೀಸೆಯಲ್ಲಿ ಬರುವುದು, ಎಲ್ಲ ಊರುಗಳಲ್ಲಿಯೂ ಒಂದೇ ರುಚಿಯದು ಎಂದಾಯಿತು. ಕರ್ನಾಟಕದ ಅಬಕಾರಿ ನಿಯಮಗಳಲ್ಲಿ ಕಿರು ಬ್ರೂವರಿಗೆ ಎಡೆ ದೊರೆತದ್ದು 2010ರ ಸುಮಾರಿನಲ್ಲಿ. 2011ರಲ್ಲಿ ವಿಠಲ ಮಲ್ಯ ರಸ್ತೆಯಲ್ಲಿ ದಿ ಬಿಯರ್ ಕ್ಲಬ್ ತೆರೆಯಿತು. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಟಾಯ್ಟ್ ಬಂತು. 2012ರಲ್ಲಿ ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್, ಮಿಷಿಗನ್ನಿನ ಆನ್ ಆರ್ಬರ್ ಊರಿನಿಂದ ಹೆಸರು ಪಡೆದ ಆರ್ಬರ್ ಬ್ರೂಯಿಂಗ್ ಕಂಪನಿ ಬಂದವು. ಆಮೇಲೆ ಹತ್ತಾರು ಹುಟ್ಟಿಕೊಂಡವು.

ಇಂಥ ಮನೆಯೊಳಗೆ ಹೋದವನ ಕಣ್ಣಿಗೆ ಮೊದಲು ಬೀಳುವುದು ಗಾಜಿನ ಗೋಡೆಯಾಚೆ ನಿಂತಿರುವ ತಾಮ್ರದ ಇಲ್ಲವೆ ಉಕ್ಕಿನ ದೊಡ್ಡ ಹಂಡೆಗಳು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು, ಸುಮಾರು 65 ಡಿಗ್ರಿ ಶಾಖದ ನೀರಿನಲ್ಲಿ ನೆನೆಯಿಡುತ್ತಾರೆ. ಕಾಳಿನ ಪಿಷ್ಟ ಸಕ್ಕರೆಯಾಗಿ ಮಾರ್ಪಡುತ್ತದೆ. ಆ ಹೊತ್ತಿನಲ್ಲಿ ಕೋಣೆಯ ತುಂಬ ಹುರಿಟ್ಟಿನ ಗಂಜಿಯ ವಾಸನೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಎಂಬ ಬಳ್ಳಿಯ ಹೂವನ್ನು ಹಾಕಿ ಗಂಟೆಯಷ್ಟು ಹೊತ್ತು ಕುದಿಸುತ್ತಾರೆ. ಕಹಿಯೂ ಪರಿಮಳವೂ ಆ ಹೂವಿನಿಂದ. ಅನಂತರ ತಣಿಸಿ, ಯೀಸ್ಟ್ ಬೆರೆಸಿ, ಹುದುಗಲು ಬಿಡುತ್ತಾರೆ. ಏಲ್ ಜಾತಿಯದಾದರೆ ಒಂದೆರಡು ವಾರ, ಲಾಗರ್ ಜಾತಿಯದಾದರೆ ತಣ್ಣನೆಯ ಕತ್ತಲಿನಲ್ಲಿ ಕೆಲವು ವಾರಗಳು ಬೇಕು. ನಮ್ಮ ಹೆಣ್ಣುಮಕ್ಕಳು ದೋಸೆಯ ಹಿಟ್ಟನ್ನು ರಾತ್ರಿ ಮುಚ್ಚಿಟ್ಟು ಬೆಳಗಾಗುವುದನ್ನು ಕಾಯುವುದಿಲ್ಲವೆ, ಅದೇ ತಾಳ್ಮೆ ಇದು. ಇಲ್ಲಿ ಒಂದು ಭೇದವನ್ನು ನೆನಪಿಡಬೇಕು. ಬಿಯರು ಹುದುಗಿಸಿದ ಪಾನೀಯ. ಸಾರಾಯಿ, ವಿಸ್ಕಿ, ಬ್ರಾಂದಿಗಳು ಭಟ್ಟಿಯಿಳಿಸಿದವು. ಮೊದಲನೆಯದರಲ್ಲಿ ಮದ್ಯಾಂಶ ಸಾಮಾನ್ಯವಾಗಿ ನೂರಕ್ಕೆ ನಾಲ್ಕರಿಂದ ಆರು. ಎರಡನೆಯ ಬಗೆಯಲ್ಲಿ ಅದರ ಆರೇಳು ಪಟ್ಟು ಹೆಚ್ಚು. ಇವೆರಡನ್ನೂ ಒಂದೇ ಗಂಟಿಗೆ ಕಟ್ಟಿ ಮಾತನಾಡುವುದರಿಂದ ಎಷ್ಟೋ ಗೊಂದಲಗಳಾಗಿವೆ.

ಹತ್ತಾರು ಮನೆಗಳನ್ನು ನೋಡಿದ ಮೇಲೆ ನನಗೆ ನನ್ನದೇ ಆದ ಒಂದು ಕ್ರಮ ರೂಢಿಯಾಗಿದೆ. ಮೊದಲು ಲೋಟವನ್ನು ನೋಡುತ್ತೇನೆ. ಎಣ್ಣೆಯ ಜಿಡ್ಡು ಉಳಿದ ಲೋಟದಲ್ಲಿ ನೊರೆ ನಿಲ್ಲದು. ಆಮೇಲೆ ವಾಸನೆ. ಬವೇರಿಯಾದ ಗೋಧಿ ಬಿಯರಿನಲ್ಲಿ ಮಾಗಿದ ಬಾಳೆಹಣ್ಣಿನ, ಲವಂಗದ ಪರಿಮಳ ಬರಬೇಕು. ಅದು ಹೊರಗಿನಿಂದ ಬೆರೆಸಿದ್ದಲ್ಲ, ಯೀಸ್ಟಿನ ಕೊಡುಗೆ. ಅವಸರದಲ್ಲಿ ಇಳಿಸಿದ ಬಿಯರಿನಲ್ಲಿ ಹಳೆಯ ಬೆಣ್ಣೆಯ ವಾಸನೆ ಸುಳಿಯುತ್ತದೆ. ಗಾಳಿ ತಗುಲಿ ಹಳತಾದದ್ದು ಒದ್ದೆ ರಟ್ಟಿನಂತೆ ನಾರುತ್ತದೆ. ಕೊಳವೆಗಳನ್ನು ತೊಳೆಯದಿದ್ದರೆ ಹುಳಿ ತಲೆಹಾಕುತ್ತದೆ. ಮೂರನೆಯದು ರುಚಿ: ಸಿಹಿಗೂ ಕಹಿಗೂ ಹೊಂದಿಕೆಯಿದೆಯೆ, ಎರಡನೆಯ ಗುಟುಕನ್ನು ನಾಲಿಗೆ ತಾನಾಗಿ ಬೇಡುತ್ತದೆಯೆ ಎಂದು ನೋಡುವುದು. ಕಡೆಯದಾಗಿ, ಬಡಿಸುವ ಹುಡುಗನನ್ನು ಒಂದು ಪ್ರಶ್ನೆ ಕೇಳುತ್ತೇನೆ: "ಇದನ್ನು ಕಾಯಿಸಿದ್ದು ಎಂದಪ್ಪಾ?" ಈ ಒಂದು ಪ್ರಶ್ನೆಗೆ ದೊರೆಯುವ ಉತ್ತರದಿಂದ ಮನೆಯ ಯೋಗ್ಯತೆಯೆಲ್ಲ ತಿಳಿದುಬಿಡುತ್ತದೆ.

ಒಂದೆಡೆ ಹುಡುಗ ನಕ್ಕು, "ಫ್ರೆಷ್ ಸಾರ್, ಎಲ್ಲ ಫ್ರೆಷ್" ಎಂದು ಹೇಳಿ ಹೊರಟುಹೋದ. ಲೋಟದಲ್ಲಿದ್ದದ್ದು ಅವನ ಮಾತಿಗೆ ಒಪ್ಪಿಗೆ ಕೊಡಲಿಲ್ಲ. ಸಂಗೀತದ ಅಬ್ಬರದಲ್ಲಿ ಅಲ್ಲಿ ಯಾರಿಗೂ ಬಿಯರಿನ ಚಿಂತೆಯಿದ್ದಂತೆಯೂ ಕಾಣಲಿಲ್ಲ. ಇನ್ನೊಂದೆಡೆ ಅದೇ ಪ್ರಶ್ನೆಗೆ ಹುಡುಗ ಒಳಗೆ ಹೋಗಿ ಕಾಯಿಸುವವರನ್ನೇ ಕರೆತಂದ. ಮೂವತ್ತರ ಆಸುಪಾಸಿನ ತರುಣ, ಕಾಲಿಗೆ ರಬ್ಬರ್ ಬೂಟು, ಕೈ ಇನ್ನೂ ಒದ್ದೆ. "ಹನ್ನೊಂದು ದಿನ ಆಯ್ತು ಸಾರ್. ಇನ್ನೆರಡು ದಿನ ಬಿಟ್ಟಿದ್ರೆ ಇನ್ನೂ ಚೆನ್ನಾಗಿರ್ತಿತ್ತು, ಆದ್ರೆ ಶನಿವಾರ ಬಂತಲ್ಲ" ಎಂದ. ತನ್ನ ಸರಕಿನ ಕೊರತೆಯನ್ನು ತಾನೇ ಹೇಳಿಕೊಳ್ಳುವ ವ್ಯಾಪಾರಿಯನ್ನು ನಾನು ಕಂಡದ್ದು ಬಹಳ ಕಾಲದ ಮೇಲೆ. ಆ ಲೋಟ ಆ ದಿನ ನಾನು ಕುಡಿದವುಗಳಲ್ಲಿ ಅತ್ಯುತ್ತಮವಾಗಿತ್ತೆಂದು ಹೇಳಲಾರೆ. ಆದರೆ ಅತ್ಯಂತ ಪ್ರಾಮಾಣಿಕವಾಗಿತ್ತು.

ಸ್ಥಳೀಯತೆಯ ಪ್ರಯತ್ನಗಳೂ ಅಲ್ಲಿ ನಡೆದಿವೆ. ಟಾಯ್ಟ್‌ನವರು ಬಾಸುಮತಿ ಅಕ್ಕಿ ಸೇರಿಸಿ ಒಂದು ಹಗುರವಾದ ಏಲ್ ಮಾಡುತ್ತಾರೆ. ಬೇಸಿಗೆ ಬಂತೆಂದರೆ ಹಲವು ಮನೆಗಳಲ್ಲಿ ಮಾವಿನಹಣ್ಣಿನ ಬಿಯರು. ಕೆಲವರು ರಾಗಿಯನ್ನೂ ಸೇರಿಸಿ ನೋಡಿದ್ದಾರೆ. ಕನಕದಾಸರ ರಾಮಧಾನ್ಯ ಚರಿತ್ರೆಯಲ್ಲಿ ಭತ್ತದೊಡನೆ ವಾದಿಸಿ, ಆರು ತಿಂಗಳ ಸೆರೆಯಲ್ಲಿ ಕೆಡದೆ ಉಳಿದು, ಶ್ರೀರಾಮನಿಂದಲೇ ಮನ್ನಣೆ ಪಡೆದ ಧಾನ್ಯ ಅದು. ಬಾರ್ಲಿಯ ಎದುರಿಗೂ ತನ್ನ ಮಾನ ಉಳಿಸಿಕೊಂಡಿತೆಂದು ಧಾರಾಳವಾಗಿ ಹೇಳಬಹುದು. ಆದರೂ ಲೆಕ್ಕ ಹಾಕಿ ನೋಡಿದರೆ ಬಾರ್ಲಿ ಬರುವುದು ರಾಜಸ್ಥಾನ, ಹರಿಯಾಣಗಳ ಕಡೆಯಿಂದ, ಕೆಲವೊಮ್ಮೆ ಜರ್ಮನಿಯಿಂದ. ಹಾಪ್ಸ್ ಬಹುಮಟ್ಟಿಗೆ ಸಮುದ್ರದಾಚೆಯದು. ಯೀಸ್ಟೂ ಅಷ್ಟೆ. ನೀರು ಮತ್ತು ಕೈ ಇವೆರಡೇ ನಮ್ಮವು. ಒಂದು ಲೀಟರು ಬಿಯರಿಗೆ, ಹಂಡೆ ತೊಳೆಯುವುದೂ ಸೇರಿದಂತೆ, ನಾಲ್ಕೈದು ಲೀಟರು ನೀರು ಖರ್ಚಾಗುತ್ತದೆ. ಹೀಗಿದ್ದರೂ ಅದನ್ನು ನಾವು ಸ್ಥಳೀಯ ಎನ್ನುತ್ತೇವೆ. ತಪ್ಪಲ್ಲ. ಆದರೆ ಈ ಮಾತನ್ನು ಕೇಳಿದಾಗಲೆಲ್ಲ ನನಗೆ, ಅಲ್ಲಿಂದ ಸುಮಾರು 160 ಕಿಲೋಮೀಟರು ದೂರದ ನಮ್ಮ ಹಿರಿಯೂರು ಸೀಮೆಯ ಇನ್ನೊಂದು ಪಾನೀಯ ನೆನಪಾಗುತ್ತದೆ.

ಮಾರಿಕಣಿವೆ ಎಂದರೆ ಹೊರಗಿನವರಿಗೆ ಅಣೆಕಟ್ಟು. ವೇದಾವತಿ ನದಿ ಎರಡು ಗುಡ್ಡಗಳ ನಡುವೆ ನುಸುಳುವ ಜಾಗದಲ್ಲಿ, 1897ರಿಂದ 1907ರವರೆಗೆ ಹತ್ತು ವರ್ಷ ದುಡಿದು ಕಟ್ಟಿದ ಕಟ್ಟೆ; ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಹೊತ್ತ ಸಾಗರ. ಕಟ್ಟೆಯ ಕಾವಲಿಗೆ ಕಣಿವೆ ಮಾರಮ್ಮ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತೆಂದರೆ ನಮ್ಮ ಸೀಮೆಯ ಮಳೆಯ ಸ್ವಭಾವವನ್ನು ಬೇರೆ ಹೇಳಬೇಕಾಗಿಲ್ಲ. ಇಂಥ ಒಣನಾಡಿನಲ್ಲಿ, ಹಳ್ಳದ ದಂಡೆಯಲ್ಲಿ, ಕೆರೆಯ ಅಂಗಳದಲ್ಲಿ, ಯಾರೂ ನೆಡದೆ, ಯಾರೂ ನೀರೆರೆಯದೆ ಬೆಳೆಯುವ ಮರ ಈಚಲು. ಅದರ ಗರಿಯಿಂದ ಚಾಪೆ, ಪೊರಕೆ, ಬುಟ್ಟಿ. ಅದರ ಹಣ್ಣು ದನಗಾಹಿ ಹುಡುಗರ ಪಾಲು. ಅದರ ರಸ ಹೆಂಡ. ಈಚಲು ತೋಪುಗಳಿದ್ದ ಸರ್ಕಾರಿ ಜಮೀನನ್ನು ಕಂದಾಯದ ದಾಖಲೆಗಳಲ್ಲಿ ಸೇಂದಿವನ ಎಂದೇ ಬರೆದಿದ್ದಾರೆ. ಮರಗಳು ಮಾಯವಾದ ಕಡೆಗಳಲ್ಲಿಯೂ ಆ ಹೆಸರು ಪಹಣಿಯಲ್ಲಿ ಉಳಿದುಕೊಂಡಿರುವುದುಂಟು.

ಹೆಂಡ ಇಳಿಸುವ ವಿದ್ಯೆಯನ್ನು ಬಲ್ಲವರು ಈಡಿಗರು. ಸೊಂಟಕ್ಕೂ ಮರಕ್ಕೂ ಸೇರಿಸಿ ಹಗ್ಗ ಬಿಗಿದುಕೊಂಡು, ಮುಳ್ಳುಗರಿಗಳ ನಡುವೆ ಏರಿ, ತಲೆಯ ಬಳಿ ಒಂದು ಪಕ್ಕದ ಗರಿಗಳನ್ನು ಸವರಿ, ಎಳೆಯ ಮೈಯನ್ನು ತೆಳ್ಳಗೆ ಹೆರೆದು, ರಸ ಒಸರುವ ಕಡೆ ಗಡಿಗೆ ಕಟ್ಟುತ್ತಿದ್ದರು. ಸಂಜೆ ಕಟ್ಟಿದ ಗಡಿಗೆಯನ್ನು ಬೆಳಕು ಹರಿಯುವ ಮೊದಲೇ ಇಳಿಸಬೇಕು. ಚಳಿಗಾಲದಲ್ಲಿ ರಸ ಸಮೃದ್ಧ, ರುಚಿಯೂ ಹೆಚ್ಚು. ನಸುಕಿನಲ್ಲಿ ಅದು ಸಿಹಿ, ಬಿಸಿಲೇರಿದಂತೆ ಹುಳಿ, ಸಂಜೆಯ ಹೊತ್ತಿಗೆ ಖಡಕ್ಕು. ಯೀಸ್ಟನ್ನು ಯಾರೂ ಬೆರೆಸುವುದಿಲ್ಲ. ಗಾಳಿಯಲ್ಲಿ, ಮರದ ಮೈಯಲ್ಲಿ, ಹಳೆಯ ಗಡಿಗೆಯ ಒಳಮೈಯಲ್ಲಿ ಅದು ಇದ್ದೇ ಇದೆ. ಮದ್ಯಾಂಶವೂ ಹೆಚ್ಚುಕಡಿಮೆ ಬಿಯರಿನಷ್ಟೇ. ಬಾರ್ಲಿ ಬೇಡ, ಹಾಪ್ಸ್ ಬೇಡ, ಸೌದೆ ಬೇಡ, ಹನಿ ನೀರೂ ಬೇಡ. ಮರುದಿನಕ್ಕೆ ಉಳಿಯದ, ಆದ್ದರಿಂದಲೇ ಮುಂದಿನೂರಿಗೂ ಸಾಗಿಸಲಾಗದ ಈ ಪಾನೀಯಕ್ಕಿಂತ ಹೆಚ್ಚು ಸ್ಥಳೀಯವಾದುದು ಯಾವುದಿದ್ದೀತು?

ಮರ ಹತ್ತುವುದನ್ನು ಬಿಟ್ಟು ಬಹುಕಾಲವಾದ ಹಿರಿಯರೊಬ್ಬರನ್ನು ನಮ್ಮ ಕಡೆಯ ಒಂದು ಹಳ್ಳಿಯಲ್ಲಿ ಮಾತನಾಡಿಸಿದೆ. "ಎಲ್ಲ ಮರವೂ ಒಂದೇ ಅಲ್ವೇ ಅಜ್ಜಾ?" ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿ, "ಎಲ್ಲಾದ್ರೂ ಉಂಟೇ ಸ್ವಾಮಿ? ಮರ ಅಂದ್ರೆ ಹಸ ಇದ್ದಂಗೆ. ಒಂದರ ಹಾಲು ಒಂದಕ್ಕಿಲ್ಲ. ಮೂರು ದಿನ ಕರೆದ್ರೆ ಮೂರು ದಿನ ಬಿಡಬೇಕು. ಆಸೆಬಿದ್ದು ದಿನಾ ಹೆರೆದ್ರೆ ಮರ ಸತ್ತೋಗ್ತೈತೆ" ಎಂದರು. ಹಳ್ಳದ ಮರದ ಹೆಂಡ ನೀರು, ಗುಡ್ಡದ ಬುಡದ್ದು ಗಟ್ಟಿ. ಒಂಟಿಮರದ್ದು ಮೈಗೆ ಒಳ್ಳೆಯದೆಂದು ಕೇಳಿ ಬರುವವರಿದ್ದರು ಎಂದೂ ಹೇಳಿದರು. ಜಾಕ್ಸನ್ ಮಹಾಶಯ ದೊಡ್ಡ ಗ್ರಂಥದಲ್ಲಿ ಮಾಡಿದ ಕೆಲಸವನ್ನೇ ನಮ್ಮ ಹಳ್ಳಿಗಳ ಬಾಯಿಮಾತಿನ ವಿಮರ್ಶಕರು ಮಾಡುತ್ತಿದ್ದರು. ಯಾವ ಮರ, ಯಾರ ಕೈ, ಯಾವ ಹೊತ್ತು ಎಂಬ ಮೂರು ಪ್ರಶ್ನೆಗಳು ಅವರಿಗೆ ಸಾಕಾಗಿದ್ದವು. ರಬ್ಬರ್ ಬೂಟಿನ ಆ ತರುಣನಿಗೂ ಈ ಅಜ್ಜನಿಗೂ ಒಂದೇ ಕುಲ ಎಂದು ನನಗೆ ಅನ್ನಿಸಿತು. ಇಬ್ಬರೂ ತಾವು ಮಾಡಿದ್ದನ್ನು ಕುಡಿಯುವವನ ಮುಖ ನೋಡಿದವರು.

ಹಾಗಾದರೆ ಹೆಂಡ ಕೆಟ್ಟದ್ದೆಲ್ಲಿ? ಮರಕ್ಕೂ ಲೋಟಕ್ಕೂ ನಡುವೆ ಹರಾಜು ಬಂದದ್ದರಿಂದ ಎಂದು ನನ್ನ ತಿಳಿವಳಿಕೆ. ಅಬಕಾರಿ ಎಂಬುದು ಸರ್ಕಾರಕ್ಕೆ ದೊಡ್ಡ ವರಮಾನದ ಬಾಬು. ಅಂಗಡಿಗಳನ್ನು ಹರಾಜಿನಲ್ಲಿ ಕೂಗಿ, ಹೆಚ್ಚು ಹಣ ಕೊಟ್ಟವನಿಗೆ ಗುತ್ತಿಗೆ ಕೊಡುವ ಪದ್ಧತಿ ನೆಲೆಯೂರಿತು. ಇಳಿಸುವವನು ಕೂಲಿಯಾದ, ಕುಡಿಯುವವನು ಗಿರಾಕಿಯಾದ, ನಡುವೆ ಕಂಟ್ರಾಕ್ಟರು ನಿಂತ. ಹರಾಜಿನ ಹಣ ಹೊರಡಬೇಕಾದರೆ ಮರ ಕೊಡುವುದಕ್ಕಿಂತ ಹೆಚ್ಚು ಹೆಂಡ ಮಾರಲೇಬೇಕಲ್ಲ? ಗಡಿಗೆಗೆ ನೀರು ಬಿತ್ತು. ನೀರು ಬಿದ್ದ ಹೆಂಡಕ್ಕೆ ಸಿಹಿ ಸಾಲದೆಂದು ಸ್ಯಾಕರಿನ್ ಬಿತ್ತು, ಅಮಲು ಸಾಲದೆಂದು ನಿದ್ದೆಯ ಔಷಧವಾದ ಕ್ಲೋರಾಲ್ ಹೈಡ್ರೇಟ್ ಬಿತ್ತು. ಅದಕ್ಕೆ ಒಗ್ಗಿದವನಿಗೆ ನಿಜವಾದ ಹೆಂಡ ಸಪ್ಪೆಯಾಯಿತು. ಕುಡಿಯದ ದಿನ ಕೈಕಾಲು ನಡುಕ ಹತ್ತಿತು. ಇನ್ನೊಂದು ಕಡೆ ಸಾರಾಯಿ, ಅದರ ಹಿಂದೆಯೇ ಕಳ್ಳಭಟ್ಟಿ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮೀಥೈಲ್ ಆಲ್ಕೋಹಾಲ್ ಬೆರೆತ ಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಬಡವರು ಸತ್ತರು. ಆ ವಿಷವನ್ನು ಬೆರೆಸಿದವನ ಮುಖವನ್ನು ಸತ್ತವರಲ್ಲಿ ಯಾರೂ ಕಂಡಿರಲಾರರು. ದೂರವೆಂಬುದು ಎಷ್ಟು ಕ್ರೂರವಾಗಬಲ್ಲುದೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಇಷ್ಟನ್ನು ಹೇಳಿ, ಮರದ ಹೆಂಡ ನಿರ್ದೋಷಿಯೆಂದು ನಾನು ತೀರ್ಪು ಕೊಟ್ಟರೆ ಅದು ಅರ್ಧ ಸತ್ಯವಾದೀತು. ನಮ್ಮ ಜಿಲ್ಲೆಯ ಚರಿತ್ರೆಯೇ ಅದಕ್ಕೆ ಎದುರುಸಾಕ್ಷಿ. ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ 1939ರಲ್ಲಿ ನಡೆದ ಈಚಲುಮರ ಕಡಿಯುವ ಸತ್ಯಾಗ್ರಹವನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಕೊಡಲಿಯ ಒಂದೊಂದು ಪೆಟ್ಟೂ ಕುಡಿತಕ್ಕೂ ಬಿತ್ತು, ಅಬಕಾರಿಯ ಬೊಕ್ಕಸಕ್ಕೂ ಬಿತ್ತು. ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು ಆ ಚಳವಳಿಯಲ್ಲಿ ನಿಂತು ಸೆರೆಮನೆ ಕಂಡರು. ಬಯಲುಸೀಮೆಯಲ್ಲಿ ಜನ ತಾವಾಗಿ ಹಸಿರು ಮರವನ್ನು ಕಡಿದರೆಂದರೆ ಅದರ ಹಿಂದೆ ಎಷ್ಟು ಮನೆಗಳ ಸಂಕಟ ಇದ್ದಿರಬೇಕು! ಹೆಂಡದಂಗಡಿ ಊರಬಾಗಿಲಲ್ಲೇ ಇರುತ್ತಿತ್ತು. ಸಂತೆಯ ದಿನ ಗಂಡನ ಕೂಲಿ ಮನೆ ಸೇರುವ ಮುನ್ನ ಆ ಬಾಗಿಲನ್ನು ದಾಟಬೇಕಿತ್ತು. ನಾನು ಚಿಕ್ಕವನಾಗಿದ್ದಾಗ ನಮ್ಮ ಕೇರಿಯ ಅಕ್ಕನೊಬ್ಬಳು ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಆ ಅಂಗಡಿಯ ಎದುರಿನ ಬೇವಿನ ಮರದ ಕೆಳಗೆ ಕೂತಿರುತ್ತಿದ್ದಳು. ಒಳಗೆ ಹೋಗುವಂತಿಲ್ಲ, ಮನೆಗೆ ಹೋದರೆ ಅಕ್ಕಿಗೆ ಕಾಸಿಲ್ಲ. ಹೆಂಡ ಎಷ್ಟು ಶುದ್ಧವಾಗಿದ್ದರೂ ಅವಳ ಮಟ್ಟಿಗೆ ಅದು ಅಶುದ್ಧವೇ. ನಗರದ ಗಾಜಿನ ಮನೆಗಳ ಎದುರಿಗೆ ಅಂಥ ಬೇವಿನ ಮರವಿಲ್ಲ. ಅಲ್ಲಿ ಕುಡಿಯುವವನ ಮನೆಯಲ್ಲಿ ಅಳು ಇಲ್ಲವೆಂದು ಇದರ ಅರ್ಥವಲ್ಲ. ಆ ಅಳು ನಮಗೆ ಕಾಣಿಸುವುದಿಲ್ಲ, ಅಷ್ಟೆ.

ಈ ಇಬ್ಬಗೆಯನ್ನು ನಮ್ಮವರು ಬಹು ಹಿಂದೆಯೇ ಅರಿತಿದ್ದರು. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬೊಬ್ಬರಿದ್ದಾರೆ. ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ವಚನಗಳನ್ನು ಬರೆದವರು. ಅವರ ಕಾಯಕ ಹೆಂಡ ಮಾರುವುದು. ಆ ಕಾಯಕದ ಹೆಸರನ್ನು ಶರಣರು ಮುಚ್ಚಿಡಲಿಲ್ಲ, ಅಳಿಸಲಿಲ್ಲ. ಹೆಸರಿನ ಮುಂದೆಯೇ ಇಟ್ಟುಕೊಂಡರು. ಅಮಲನ್ನು ಟೀಕಿಸುವುದು ಬೇರೆ, ಮನುಷ್ಯನ ಕೈಕೆಲಸವನ್ನು ಕೀಳೆನ್ನುವುದು ಬೇರೆ ಎಂಬ ವಿವೇಕ ಅದು. ರಾಜಕೀಯಕ್ಕೆ ಈ ವಿವೇಕ ಸುಲಭವಾಗಿ ದಕ್ಕಲಿಲ್ಲ. ಈಚಲುಮರ ಕಡಿಯುವ ಚಳವಳಿಗೆ ಸೆರೆಮನೆ ಕಂಡಿದ್ದ ನಿಜಲಿಂಗಪ್ಪನವರೇ ಮುಖ್ಯಮಂತ್ರಿಯಾಗಿದ್ದಾಗ, 1967ರಲ್ಲಿ, ಮೈಸೂರು ರಾಜ್ಯ ಪಾನನಿರೋಧವನ್ನು ಸಡಿಲಿಸಬೇಕಾಗಿ ಬಂತು. ಇದನ್ನು ಒಬ್ಬ ವ್ಯಕ್ತಿಯ ವಿರೋಧಾಭಾಸವೆಂದು ನೋಡುವುದಕ್ಕಿಂತ, ನೀತಿಗೂ ಬೊಕ್ಕಸಕ್ಕೂ ನಡುವೆ ಎಲ್ಲ ಸರ್ಕಾರಗಳೂ ಪಡುವ ಪಾಡೆಂದು ನೋಡುವುದು ನ್ಯಾಯ.

ಮುಂದಿನ ಕಥೆ ಚಿಕ್ಕದು. 2004ರಲ್ಲಿ ಕರಾವಳಿಯ ಜಿಲ್ಲೆಗಳನ್ನು ಬಿಟ್ಟು ಉಳಿದೆಡೆ ಹೆಂಡ ನಿಂತಿತು. 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಸಾರಾಯಿ ಹೋದದ್ದಕ್ಕೆ ನನಗೆ ಎಳ್ಳಷ್ಟೂ ವ್ಯಥೆಯಿಲ್ಲ. ಆದರೆ ಕುಡಿತ ನಿಂತಿತೇ? ಇಲ್ಲ. ಹಳ್ಳಿಯ ಕೂಲಿಯವನ ಕೈಗೆ ಅಗ್ಗದ ವಿಸ್ಕಿ ಬ್ರಾಂದಿಗಳ ಕಾಗದದ ಪೊಟ್ಟಣ ಬಂತು. ಹೆಂಡದ ಆರೇಳು ಪಟ್ಟು ಖಾರ. ಯಾವ ಊರಿನಲ್ಲಿ ಯಾವ ಕೈ ಮಾಡಿದ್ದೆಂದು ಕೇಳುವ ಹಾಗಿಲ್ಲ. ಅಂದರೆ ನಾವು ನಿಲ್ಲಿಸಿದ್ದು ಮರದಿಂದ ಇಳಿಯುವುದನ್ನು. ಉಳಿಸಿಕೊಂಡದ್ದು ಕಾರ್ಖಾನೆಯಿಂದ ಬರುವುದನ್ನು. ಇದಾಗಿ ಕೆಲವೇ ವರ್ಷಗಳಲ್ಲಿ, ಕೈಯಿಂದ ಕಾಯಿಸಿದ, ಅಂದಂದೇ ಬಡಿಸುವ, ಸಣ್ಣ ಪ್ರಮಾಣದ, ಸ್ಥಳೀಯ ಪಾನೀಯವೆಂಬ ಹೆಗ್ಗಳಿಕೆಯೊಡನೆ ಬಿಯರಿನ ಮನೆಗಳಿಗೆ ಪರವಾನಗಿ ದೊರೆಯಿತು. ಪರವಾನಗಿ ಕೊಟ್ಟದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಬೆಂಗಳೂರಿನಲ್ಲಿ ಗುಣವಾಗಿ ಕಂಡ ನಾಲ್ಕು ಮಾತುಗಳು ಹಿರಿಯೂರಿನಲ್ಲಿ ಗುಣವಾಗಿ ಏಕೆ ಕಾಣಲಿಲ್ಲ ಎಂದು ಮಾತ್ರ ಕೇಳುತ್ತಿದ್ದೇನೆ. ಅಲ್ಲಿ ಕಲಬೆರಕೆಯನ್ನು ತಡೆಯಲು ಪರೀಕ್ಷೆಯಿದೆ, ತಪಾಸಣೆಯಿದೆ, ಸ್ಥಳದಲ್ಲಿಯೇ ಮಾರಬೇಕೆಂಬ ಕಟ್ಟುಪಾಡಿದೆ. ಇಲ್ಲಿ ಕಲಬೆರಕೆಯನ್ನು ತಡೆಯಲು ನಮಗೆ ಹೊಳೆದದ್ದು ಮರವನ್ನೇ ಮುಟ್ಟದಿರುವುದು.

ಇದರ ಬೆಲೆಯನ್ನು ತೆತ್ತವರು ಇಳಿಸುವವರು. ಮರ ಏರುವ ವಿದ್ಯೆ ಪುಸ್ತಕದಲ್ಲಿ ಉಳಿಯುವಂಥದ್ದಲ್ಲ; ತಂದೆಯ ಹೆಗಲ ಮೇಲಿಂದ ಮಗನಿಗೆ ಬರಬೇಕು. ಒಂದು ತಲೆಮಾರು ತಪ್ಪಿದರೆ ಕೊಂಡಿ ಕಳಚಿತು. ನಾನು ಕಂಡ ಅಜ್ಜನ ಮೊಮ್ಮಕ್ಕಳಲ್ಲಿ ಮರ ಹತ್ತಬಲ್ಲವರು ಒಬ್ಬರೂ ಇಲ್ಲ. ಅವರಿಗೆ ಬೇರೆ ಉದ್ಯೋಗಗಳು ದೊರೆತಿವೆ, ಅದು ಸಂತೋಷವೇ. ಆದರೆ ಯಾವ ಮರವನ್ನು ಎಷ್ಟು ಹೆರೆಯಬೇಕು, ಎಷ್ಟು ದಿನ ಬಿಡಬೇಕು ಎಂಬ ತಿಳಿವಳಿಕೆ ಆ ಅಜ್ಜನೊಡನೆ ಮುಗಿಯುತ್ತದೆ. ಮರಗಳೂ ಕಡಿಮೆಯಾದವು. ಉಪಯೋಗವಿಲ್ಲದ ಮರವನ್ನು ಉಳಿಸುವವರಾರು? ಹಳ್ಳದ ಮರಳಿನೊಡನೆ ಈಚಲೂ ಹೋಯಿತು.

ಉಪಯೋಗವೆಂದರೆ ಹೆಂಡವೊಂದೇ ಅಲ್ಲವೆಂಬುದನ್ನು ಬಂಗಾಳದವರನ್ನು ನೋಡಿ ತಿಳಿಯಬಹುದು. ಇದೇ ಈಚಲಿನ ರಸವನ್ನು ಅವರು ಚಳಿಗಾಲದಲ್ಲಿ ಇಳಿಸಿ, ಬೆಳಗಾಗುವುದರೊಳಗೆ ಒಲೆಯ ಮೇಲಿಟ್ಟು ಬೆಲ್ಲ ಮಾಡುತ್ತಾರೆ. ಆ ಬೆಲ್ಲದ ಸಂದೇಶ, ಪಾಯಸಗಳಿಗಾಗಿ ಕಲ್ಕತ್ತೆಯ ಮನೆಮನೆಯೂ ಚಳಿಗಾಲವನ್ನು ಎದುರುನೋಡುತ್ತದೆ. ಅದೇ ಮರ ಅಲ್ಲಿ ಸಿಹಿಯ ಮರ, ಇಲ್ಲಿ ಅಪಕೀರ್ತಿಯ ಮರ. ಗಡಿಗೆಗೆ ಸುಣ್ಣ ಬಳಿದರೆ ರಸ ಹುಳಿಯಾಗದೆ ನೀರಾ ಆಗಿ ನಿಲ್ಲುತ್ತದೆಂಬುದನ್ನು ನಮ್ಮವರೂ ಬಲ್ಲರು. ಆದರೆ ತೆಂಗಿನ ನೀರಾಕ್ಕಾಗಿ ಕೂಡ ಈ ನಾಡಿನ ರೈತ ಹೋರಾಡಬೇಕಾಯಿತು. ನುಸಿಪೀಡೆಯಿಂದ ತೋಟಗಳು ಹಾಳಾದಾಗ, ನೀರಾ ಇಳಿಸಲು ಬಿಡಿ ಎಂದು ಕೇಳಿದ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯ ರೈತರ ಮೇಲೆ 2001ರಲ್ಲಿ ಗೋಲೀಬಾರಾಗಿ ಜೀವಗಳು ಹೋದವು. ಹೊಸದುರ್ಗ, ಹಿರಿಯೂರುಗಳ ತೆಂಗಿನ ತೋಟದವರು ಆ ಸುದ್ದಿಯನ್ನು ಮರೆತಿಲ್ಲ.

ಹಾಗಾದರೆ ಹೆಂಡದಂಗಡಿಗಳನ್ನು ಮತ್ತೆ ತೆರೆಯೋಣವೇ ಎಂದು ಯಾರಾದರೂ ಕೇಳಬಹುದು. ಬೇವಿನ ಮರದ ಕೆಳಗಿನ ಆ ಅಕ್ಕನನ್ನು ಕೇಳದೆ ನಾನು ಅದಕ್ಕೆ ಹೂಂ ಎನ್ನಲಾರೆ. ಹರಾಜಿನ ಅಂಗಡಿ ಎಂದಿಗೂ ಬೇಡ. ಆದರೆ ಈಚಲನ್ನು ಉಳಿಸಿದ ಸೇಂದಿವನಗಳನ್ನು ಊರಿನ ತೋಪುಗಳಾಗಿ ಕಾಯಬಹುದು. ಇಳಿಸಬಲ್ಲ ಹಿರಿಯರು ಬದುಕಿರುವಾಗಲೇ ಅವರ ವಿದ್ಯೆಯನ್ನು ಕಲಿತು ಬರೆದಿಡಬಹುದು. ಬೆಲ್ಲಕ್ಕೆ, ನೀರಾಕ್ಕೆ ದಾರಿ ಮಾಡಿಕೊಡಬಹುದು. ಇದಕ್ಕೆಲ್ಲ ಮೊದಲು ಮಾಡಬೇಕಾದದ್ದು ಇನ್ನೊಂದಿದೆ, ಅದಕ್ಕೆ ಹಣ ಬೇಕಾಗಿಲ್ಲ: ಗಾಜಿನ ಲೋಟವನ್ನೂ ಮಣ್ಣಿನ ಗಡಿಗೆಯನ್ನೂ ಒಂದೇ ಅಳತೆಯಿಂದ ಅಳೆಯುವುದು.

ಆ ಅಳತೆ ಯಾವುದೆಂದು ನನಗೆ ಬ್ರೂವರಿಗಳ ಭೇಟಿಯಲ್ಲಿ ಸ್ಪಷ್ಟವಾಯಿತು. ಕುಡಿಯುವ ವಸ್ತುವನ್ನು ಮಾಡಿದವನು ಎದುರಿಗೆ ಬಂದು, ಇದು ನನ್ನ ಕೈಯದು, ಇಂಥ ದಿನದ್ದು, ಇದರಲ್ಲಿ ಇಂತಿಂಥದ್ದಿದೆ ಎಂದು ಹೇಳಬಲ್ಲನೆ? ಹೇಳಬಲ್ಲನಾದರೆ ಅವನ ಕೆಲಸಕ್ಕೆ ಒಂದು ಮರ್ಯಾದೆಯಿದೆ, ಅವನು ನೂರಡಿ ರಸ್ತೆಯಲ್ಲಿರಲಿ, ವೇದಾವತಿಯ ದಂಡೆಯಲ್ಲಿರಲಿ. ಹೇಳಲಾರನಾದರೆ, ಲೋಟ ಎಷ್ಟೇ ಹೊಳೆಯಲಿ, ಅದನ್ನು ಕೆಳಗಿಟ್ಟು ಬರುವುದು ಒಳ್ಳೆಯದು. ಕುಡಿಯಬೇಕೇ ಬೇಡವೇ ಎಂಬುದು ಅವರವರಿಗೂ ಅವರವರ ಮನೆಯವರಿಗೂ ಸೇರಿದ ಮಾತು. ಯಾರ ಕೈಕೆಲಸವನ್ನು ಕಲೆಯೆನ್ನಬೇಕು, ಯಾರದನ್ನು ಕಳಂಕವೆನ್ನಬೇಕು ಎಂಬುದು ಮಾತ್ರ ನಮ್ಮೆಲ್ಲರ ನ್ಯಾಯಬುದ್ಧಿಗೆ ಸೇರಿದ್ದು.